ಹೇಳಿದ ದರವೇ ದರ

ತಿಪಟೂರು
14-11-1982

ಸಂಗಾತಿ ಆಂಜನಪ್ಪ,

ನೀನು ಶೆಡ್ಡು ಬಿಟ್ಟು ತುಮಕೂರಿನ ಬಣ್ಣದ ಅಂಗಡಿಗೆ ಸಂಬಳದ ಆಳಾಗಿ ಹೋದ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ನೀನು ಹೊರಟ ದಿನ ಬಸ್ ಸ್ಟ್ಯಾಂಡಿನಲ್ಲಿ ನಾನು ಅಂದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ಬಣ್ಣ ಬೇಕಾಗಿದೆ. ಡಬ್ಬದ ಮುಚ್ಚಳ ತೆಗೆದು, ಕಡ್ಡಿ ಅದ್ದಿ ನೋಡಿ ಕೊಡುವವನು ನನಗೆ ಗೊತ್ತಿರುವಂತೆ ನೀನೊಬ್ಬನೇ.

ಶೆಡ್ಡು ನಡೆಯುತ್ತಿದೆ. ಕೊಬ್ಬರಿ ಗೋಡೌನಿನ ಹಿಂದೆ ನಾವಿಬ್ಬರೂ ಹಳೆಯ ತಗಡು ಹೊದಿಸಿ ಕಟ್ಟಿದೆವಲ್ಲ, ಅದೇ. ಪಕ್ಕದ ಟಿಂಕರ್ ಬೋರಯ್ಯ ಕಂಪ್ರೆಸರ್ ಕೊಡುತ್ತಾನೆ. ಕರೆಂಟು ಇದ್ದಾಗ ನಾನು ಬಣ್ಣ ಹೊಡೆಯುವ ಗನ್ನು ಹಿಡಿಯುತ್ತೇನೆ, ಇಲ್ಲದಾಗ ಓದುತ್ತೇನೆ. ನಾವು ನಾಲ್ಕಾಣೆಗೊಂದರಂತೆ ಕೊಂಡು ಓದುತ್ತಿದ್ದ ಪುಸ್ತಿಕೆಗಳಲ್ಲಿ ನಿನ್ನ ಪಾಲಿನವೂ ಇಲ್ಲೇ ಇವೆ. ಬೇಕಾದರೆ ಹೇಳು.

ಬಾಗಿಲಿಗೆ ಬೋರ್ಡು ಹಾಕಿದ್ದೇನೆ. ಬಿಳಿ ತಗಡಿನ ಮೇಲೆ ಕೆಂಪಿನಲ್ಲಿ ನಾನೇ ಬರೆದದ್ದು. "ಇಲ್ಲಿ ಚೌಕಾಶಿ ಇಲ್ಲ. ಲಾಭ ಇಲ್ಲ. ಸಾಮಾನಿನ ಖರ್ಚು ಮತ್ತು ಮೈಮುರಿದ ಕೂಲಿ. ಹೇಳಿದ ದರವೇ ದರ." ಬೇರೆ ಶೆಡ್ಡಿನವರು ಮೊದಲು ಒಂದು ಹೇಳಿ, ಕಾರನ್ನು ಬಿಚ್ಚಿ ಕೈಕಾಲು ಕಟ್ಟಿದ ಮೇಲೆ ಇನ್ನೊಂದು ಹೇಳುತ್ತಾರಲ್ಲ, ಆ ದರೋಡೆ ನನ್ನ ಬಾಗಿಲಲ್ಲಿ ನಡೆಯಬಾರದು. ಬೋರಯ್ಯ ಓದಿ, "ಇದು ಶೆಡ್ಡೋ, ಮಠವೋ?" ಎಂದ.

ಮೊನ್ನೆ ಒಂದು ಕೆಲಸ ಬಂತು. ಕಂದಿಕೆರೆಯ ಹುಚ್ಚಣ್ಣ ಎಂಬುವನ ಟ್ಯಾಕ್ಸಿ, ಹಳೆಯ ಅಂಬಾಸಿಡರ್. ಆ ಕಡೆಯ ಹಳ್ಳಿಗಳಲ್ಲಿ ಹೆರಿಗೆಗೆ, ಹಾವು ಕಚ್ಚಿದವರಿಗೆ, ದಿಬ್ಬಣಕ್ಕೆ, ಎಲ್ಲಕ್ಕೂ ಅದೊಂದೇ ಗಾಡಿ. ಜನವರಿ ಮೂರನೇ ವಾರದಲ್ಲಿ ತುಮಕೂರಿನ ಆರ್‌ಟಿಓ ಆಫೀಸಿನಲ್ಲಿ ಪಾಸಿಂಗ್ ಮಾಡಿಸಬೇಕು. ಮೈ ಕಪ್ಪು, ತಲೆ ಹಳದಿ, ಹೊಸ ಬಣ್ಣ ಇಲ್ಲದಿದ್ದರೆ ಪಾಸು ಮಾಡುವುದಿಲ್ಲ ಎಂದು ಹೋದ ಸಲವೇ ಹೇಳಿ ಕಳಿಸಿದ್ದಾರಂತೆ. ಪಾಸಾಗದಿದ್ದರೆ ಗಾಡಿ ನಿಂತ ಹಾಗೆ, ಗಾಡಿ ನಿಂತರೆ ಅವನ ಮನೆ ನಿಂತ ಹಾಗೆ. ಇನ್ನೊಂದು ಶೆಡ್ಡಿನಲ್ಲಿ ಕೇಳಿದ ದರಕ್ಕೆ ಹೆದರಿ ಅವನು ಹೋಟೆಲಿನಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದ. ನಾನು ಅಲ್ಲೇ, ಎಲ್ಲರೆದುರಿಗೆ, ಅದರ ಅರ್ಧ ಹೇಳಿದೆ. ಅವನು ನನ್ನ ಮುಖ ನೋಡಿ, "ಅಲ್ಲ ಕಣಪ್ಪ, ನೀನು ಬಣ್ಣ ಹೊಡೀತೀಯೋ ಸುಣ್ಣ ಬಳೀತೀಯೋ?" ಎಂದ. ಹೋಟೆಲೆಲ್ಲ ನಕ್ಕಿತು. ನಾನು ಅವನನ್ನು ಶೆಡ್ಡಿಗೆ ಕರೆತಂದು ಬೋರ್ಡು ತೋರಿಸಿದೆ.

ಚುನಾವಣೆ ಬರುತ್ತಿದೆ. ಟ್ಯಾಕ್ಸಿಗಳಿಗೆ ಸುಗ್ಗಿ. ಡಿಸೆಂಬರ್ ಮಧ್ಯದೊಳಗೆ ಮುಗಿಸಿಕೊಡುತ್ತೇನೆಂದು ಮಾತು ಕೊಟ್ಟಿದ್ದೇನೆ. ಹಿಂದಿನ ಹಾಳೆಯಲ್ಲಿ ಬರೆದ ಸಾಮಾನನ್ನು ತಿಪಟೂರು ಬಸ್ಸಿಗೆ ಹಾಕಿ ಕಳಿಸು.

ಇಂತಿ,
ನೀನು ಬಿಟ್ಟು ಹೋದ ಶೆಡ್ಡಿನ
ಶಿವಣ್ಣ


ತುಮಕೂರು
19-11-1982

ಲೇ ಶಿವಣ್ಣ,

ಸಂಗಾತಿ ಅಂತ ಬರೆದಿದ್ದೀಯ, ಸಂಬಳದ ಆಳು ಅಂತಲೂ ಬರೆದಿದ್ದೀಯ. ಯಾವುದಾದರೂ ಒಂದನ್ನು ಇಟ್ಟುಕೊ ಮಾರಾಯ.

ಸಾಮಾನು ಕಳಿಸಿದ್ದೇನೆ. ಪ್ರೈಮರ್, ಕಪ್ಪು, ಹಳದಿ, ತಿನ್ನರ್, ಉಜ್ಜುವ ವಾಟರ್ ಪೇಪರ್. ಎಲ್ಲ ಡಬ್ಬದ ಮುಚ್ಚಳವನ್ನೂ ತೆಗೆದು ನೋಡಿದ್ದೇನೆ. ಕಂಡಕ್ಟರಿಗೆ ಕಾಫಿಗೆ ಕೊಡು, ಅವನ ಹತ್ತಿರ ಭಾಷಣ ಮಾಡಬೇಡ.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ದರ ಹೇಳುವ ಮುಂಚೆ ಆ ಗಾಡಿಯ ಮೈಯನ್ನು ಚಾಕುವಿನ ತುದಿಯಿಂದ ಎಲ್ಲಾದರೂ ಕೆರೆದು ನೋಡಿದೆಯಾ? ನೋಡಿರುವುದಿಲ್ಲ. ಹೋಟೆಲಿನಲ್ಲಿ ಜನ ಇದ್ದರಲ್ಲ, ನಿನಗೆ ಅಷ್ಟು ಸಾಕು.

ಮನೆಯಲ್ಲಿ ಭೂತಮ್ಮನಿಗೆ ದಿನ ತುಂಬುತ್ತಾ ಬಂದಿದೆ. ರಾತ್ರಿ ಕಾಲು ಊದಿಕೊಳ್ಳುತ್ತವೆ. ನಾನು ಯಾಕೆ ಸಂಬಳಕ್ಕೆ ಸೇರಿದೆ ಎಂದು ನೀನು ಬಸ್ ಸ್ಟ್ಯಾಂಡಿನಲ್ಲಿ ಕೇಳಿದೆ. ಉತ್ತರ ಕೇಳಿಸಿಕೊಳ್ಳುವ ಮುಂಚೆ ಬೈದೆ. ಇರಲಿ ಬುಡು.

ಪುಸ್ತಿಕೆಗಳು ಅಲ್ಲೇ ಇರಲಿ.

ನಿನ್ನ
ಆಂಜನಪ್ಪ


ತಿಪಟೂರು
30-11-1982

ಸಂಗಾತಿ ಆಂಜನಪ್ಪ,

ಕೆರೆದು ನೋಡಿರಲಿಲ್ಲ. ಸಂಜೆ ಹೊತ್ತು, ಗಾಡಿ ಕನ್ನಡಿ ಹಾಗೆ ಹೊಳೆಯುತ್ತಿತ್ತು. ಮೇಲೆ ಸ್ವಲ್ಪ ಉಜ್ಜಿ ಎರಡು ಕೋಟು ಹೊಡೆದರೆ ಆಯಿತು ಎಂದುಕೊಂಡೆ. ಬೆಳಿಗ್ಗೆ ಬಿಸಿಲಿಗೆ ತಂದು ನೋಡಿದರೆ ಮೈಯೆಲ್ಲ ಬತ್ತಿದ ಕೆರೆಯಂಗಳ. ಒಂದೊಂದು ಬಿರುಕಿಗೂ ಇನ್ನೊಂದು ಬಿರುಕು ಕವಲೊಡೆದಿದೆ. ಬಾಗಿಲನ್ನು ಬೆರಳ ಗಂಟಿನಿಂದ ತಟ್ಟಿದೆ. ಅಟ್ಟದ ಮೇಲೆ ಒಣಗಿದ ಕೊಬ್ಬರಿ ಕರಟ ಬಿಟ್ಟು ಒಳಗೇ ಗಡಗಡ ಎನ್ನುತ್ತದಲ್ಲ, ಅದೇ ಸದ್ದು. ಬಣ್ಣ ಒಂದು ಕಡೆ, ಕಬ್ಬಿಣ ಒಂದು ಕಡೆ.

ಪುಟ್ಟಿ ಎಳೆಯುವ ತಗಡಿನ ಪಟ್ಟಿ ಹಾಕಿ ಎಬ್ಬಿಸಿದರೆ ಅಂಗೈ ಅಗಲದ ಚಕ್ಕೆಗಳು ಎದ್ದು ಬಂದವು. ಕಪ್ಪಿನ ಕೆಳಗೆ ಬ್ರಷ್ಷಿನಲ್ಲಿ ಬಳಿದ ಇನ್ನೊಂದು ಕಪ್ಪು, ಬ್ರಷ್ಷಿನ ಕೂದಲುಗಳೂ ಅದರಲ್ಲೇ. ಅದರ ಕೆಳಗೆ ಹಸಿರು, ಅದರ ಕೆಳಗೆ ಕೆನೆ ಬಣ್ಣ. ಎಲ್ಲೂ ಉಜ್ಜಿಲ್ಲ. ಎಡಗಡೆ ಮುಂದಿನ ಮಡ್‌ಗಾರ್ಡಿನಲ್ಲಿ ತುಕ್ಕು ತಿಂದ ತೂತಿಗೆ ಏನು ತುಂಬಿದ್ದಾನೆ ಗೊತ್ತಾ? ಸಿಮೆಂಟು. ಗಾರೆ ಕೆಲಸದವನ ಹಾಗೆ ಮಟ್ಟ ಮಾಡಿ ಮೇಲೆ ಬಣ್ಣ ಬಳಿದಿದ್ದಾನೆ. ಅವನು ಯಾರೋ, ಹುಚ್ಚಣ್ಣನಿಗೂ ಗೊತ್ತಿಲ್ಲ. ಗಾಡಿ ಅವನ ಕೈಗೆ ಬರುವ ಮುಂಚಿನ ಕೆಲಸ. ಆ ಮನುಷ್ಯ ಸಿಕ್ಕರೆ ನಡುಬೀದಿಯಲ್ಲಿ ನಿಲ್ಲಿಸಿ ಕೇಳುತ್ತೇನೆ. ಶ್ರಮ ಮಾಡುವವನೇ ಶ್ರಮಕ್ಕೆ ಮೋಸ ಮಾಡಿದರೆ ಸಾಹುಕಾರರನ್ನು ಬೈಯುವ ಹಕ್ಕು ನಮಗೆಲ್ಲಿ ಉಳಿಯಿತು?

ಹೇಳಿದ ದರಕ್ಕೆ ಈ ಕೆಲಸದ ಕಾಲು ಭಾಗವೂ ಏಳುವುದಿಲ್ಲ. ಬೋರಯ್ಯ ಗಾಡಿಯನ್ನು ಒಂದು ಸುತ್ತು ಬಂದು ಬೀಡಿ ಹಚ್ಚಿದ. "ಎರಡೇ ದಾರಿ ಕಣ್ಲಾ. ಒಂದು, ಹೋಗಿ ಜಾಸ್ತಿ ಕೇಳು. ಇಲ್ಲ ಅಂದ್ರೆ ಎದ್ದಿರೋದನ್ನ ಪುಟ್ಟಿ ಮೆತ್ತಿ ಮುಚ್ಚು, ಬಣ್ಣ ಹೊಡಿ, ಕೈ ತೊಳ್ಕೊ. ಪಾಸಿಂಗ್ ಗಂಟ ನಿಂತ್ಕಂಡ್ರೆ ಸಾಕು."

ನಾನು ಮೂರನೆಯದನ್ನು ಹಿಡಿದಿದ್ದೇನೆ. ಜಾಸ್ತಿ ಕೇಳುವುದಿಲ್ಲ, ಮುಚ್ಚುವುದೂ ಇಲ್ಲ. ಕಬ್ಬಿಣ ಕಾಣುವವರೆಗೆ ಕೆರೆಯುತ್ತೇನೆ. ಆದರೆ ನಿನಗೊಬ್ಬನಿಗೆ ಹೇಳುತ್ತೇನೆ. ನಿನ್ನೆ ಸಿಮೆಂಟು ಕೆತ್ತಿ ತೆಗೆದ ತೂತಿನ ಮುಂದೆ ಕೂತಿದ್ದಾಗ ನನ್ನ ಕೈಯಲ್ಲಿ ಪುಟ್ಟಿಯ ಪಟ್ಟಿ ಇತ್ತು. ಒಂದೇ ಸಲ ಎಳೆದರೆ ಮುಚ್ಚಿಹೋಗುತ್ತಿತ್ತು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ ತಿಳಿಯದು. ಪುಟ್ಟಿ ಪಟ್ಟಿಯ ಮೇಲೇ ಗಟ್ಟಿಯಾಗಿತ್ತು.

ಹುಚ್ಚಣ್ಣನಿಗೆ ಏನೂ ಹೇಳಿಲ್ಲ. ಸಂತೆ ದಿನಕ್ಕೆ ಬಂದವನು ರಾತ್ರಿ ಹಿಂದಿನ ಸೀಟಿನಲ್ಲೇ ಮಲಗುತ್ತಾನೆ. "ಒಂಟಿಯಾಗಿ ಬುಟ್ರೆ ಬೇಜಾರು ಮಾಡ್ಕತದೆ," ಎಂದು ಗಾಡಿಯ ಪರವಾಗಿ ಹೇಳುತ್ತಾನೆ. ಚೀಲದಲ್ಲಿ ಬುತ್ತಿ, ಬಾಗಿಲಿನ ಕೀಲಿಗೆ ಬಿಡಲು ಒಂದು ಸೀಸೆ ಕೊಬ್ಬರಿ ಎಣ್ಣೆ. ಒಳ್ಳೆಯ ಮನುಷ್ಯ. ಅವನ ಮುಖ ನೋಡಿದರೆ ನನಗೆ ಹೆದರಿಕೆಯಾಗುತ್ತದೆ.

ಇನ್ನೊಂದು ಡಬ್ಬ ತಿನ್ನರ್ ಬೇಕು.

ಶಿವಣ್ಣ


ತಿಪಟೂರು
13-12-1982

ಆಂಜನಪ್ಪ,

ನೇರವಾಗಿ ಕೇಳುತ್ತೇನೆ, ನೇರವಾಗಿ ಹೇಳು. ಆ ತಿನ್ನರಿನಲ್ಲಿ ಏನು ಬೆರೆಸಿದ್ದಾರೆ?

ಕಬ್ಬಿಣದವರೆಗೆ ಕೆರೆದೆ. ಬೋರಯ್ಯನ ಕೈಯಲ್ಲಿ ತೂತಿಗೆ ತಗಡು ಬೆಸುಗೆ ಹಾಕಿಸಿದೆ. ಪ್ರೈಮರ್ ಹೊಡೆದು, ಒಣಗಿಸಿ, ನೀರು ಹಾಕಿ ಉಜ್ಜಿದೆ. ಮೈ ಮಗುವಿನ ಕೆನ್ನೆಯಂತಾಗಿತ್ತು. ಮಾರನೆಯ ಬೆಳಿಗ್ಗೆ ಕರೆಂಟು ಬರುತ್ತಲೇ ಕಪ್ಪು ಹೊಡೆದೆ. ಗನ್ನು ಇಳಿಸುವಷ್ಟರಲ್ಲಿ ಬಣ್ಣ ಹಿಂದಕ್ಕೆ ಸರಿಯಿತು. ಮೊದಲು ಬಾನೆಟ್ಟಿನ ಮೇಲೆ, ಆಮೇಲೆ ಬಾಗಿಲುಗಳ ಮೇಲೆ, ಸಾಸಿವೆ ಕಾಳಿನಷ್ಟು ಪುಟ್ಟ ಪುಟ್ಟ ಕಣ್ಣುಗಳು. ಒಂದೊಂದು ಕಣ್ಣಿನ ನಡುವೆಯೂ ಕೆಳಗಿನ ಪ್ರೈಮರ್ ಕಾಣುತ್ತದೆ. ನೂರಾರು ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು.

ಎಲ್ಲವನ್ನೂ ಉಜ್ಜಿ ತೆಗೆದೆ. ಮತ್ತೆ ಪ್ರೈಮರ್. ಸಂತೆ ಕಳೆದ ಮಾರನೆಯ ದಿನ ಮತ್ತೆ ಕಪ್ಪು. ಮತ್ತೆ ಕಣ್ಣು, ಮೊದಲಿಗಿಂತ ಹೆಚ್ಚು. ಬೋರಯ್ಯನ ಕಂಪ್ರೆಸರ್ ಬಿಚ್ಚಿ ಒರೆಸಿದೆ. ಗನ್ನು ತೊಳೆದೆ. ಉಳಿದದ್ದು ತಿನ್ನರ್ ಒಂದೇ.

ನಿನ್ನ ಸಾಹುಕಾರ ಬೆರಕೆ ಮಾಡುತ್ತಾನೆ ಎಂದರೆ ನನಗೆ ಆಶ್ಚರ್ಯವಿಲ್ಲ, ಅವನ ಕಸುಬೇ ಅದು. ಆದರೆ ನೀನು ಮುಚ್ಚಳ ತೆಗೆದು ನೋಡಿದೆ ಎಂದು ಬರೆದಿದ್ದೀಯ. ಗೊತ್ತಿದ್ದೂ ಕಳಿಸಿದೆಯಾ? ತಿಂಗಳ ಸಂಬಳ ಮನುಷ್ಯನ ಮೂಗಿಗೂ ಬೀಗ ಹಾಕುತ್ತದೆಯಾ? ನಾವು ಒಂದೇ ಚಾಪೆಯ ಮೇಲೆ ಕೂತು ಓದಿದ್ದೆಲ್ಲ ಇಷ್ಟಕ್ಕೇನಾ?

ಊರಿನ ಟ್ಯಾಕ್ಸಿಗಳೆಲ್ಲ ಚುನಾವಣೆಯ ಬಾವುಟ ಕಟ್ಟಿಕೊಂಡು ಓಡಾಡುತ್ತಿವೆ. ಹುಚ್ಚಣ್ಣನ ಗಾಡಿ ನನ್ನ ಶೆಡ್ಡಿನಲ್ಲಿ ಬೆತ್ತಲೆ ನಿಂತಿದೆ. ಅವನು ರಸ್ತೆಯಲ್ಲಿ ಹಾರ್ನ್ ಕೇಳಿದಾಗೆಲ್ಲ ಕತ್ತು ತಿರುಗಿಸಿ ನೋಡುತ್ತಾನೆ, ಅಷ್ಟೇ.

ಉತ್ತರ ಬೇಕು.

ಶಿವಣ್ಣ


ತುಮಕೂರು
18-12-1982

ಶ್ರೀ ಶಿವಣ್ಣನವರಿಗೆ,

ತಮ್ಮ ಕಾಗದ ತಲುಪಿತು.

ತಮಗೆ ಕಳಿಸಿದ ತಿನ್ನರಿನ ಸಾಲಿನಲ್ಲೇ ಉಳಿದಿದ್ದ ಡಬ್ಬವನ್ನು ತೆರೆದು, ಅದೇ ಕಪ್ಪಿಗೆ ಬೆರೆಸಿ, ಒಂದು ತಗಡಿಗೆ ಹೊಡೆದಿದ್ದೇನೆ. ತಗಡನ್ನು ಇದರ ಜೊತೆ ಬಸ್ಸಿನಲ್ಲಿ ಕಳಿಸಿದ್ದೇನೆ. ಬಿಸಿಲಿಗೆ ಹಿಡಿದು ನೋಡುವುದು. ಕಣ್ಣು ಕಂಡರೆ ಎಲ್ಲ ಸಾಮಾನೂ ವಾಪಸ್ ಕಳಿಸುವುದು.

ಇನ್ನು ಮುಂದೆ ಸಾಮಾನು ಬೇಕಾದರೆ ಅಂಗಡಿಯ ಹೆಸರಿಗೆ ಬರೆಯುವುದು.

ಆಂಜನಪ್ಪ


ತಿಪಟೂರು
27-12-1982

ಆಂಜನಪ್ಪ,

ಅಂಗಡಿಯ ಹೆಸರಿಗೆ ಬರೆಯುವುದಿಲ್ಲ. ನಿನ್ನ ಹೆಸರಿಗೇ ಬರೆಯುತ್ತೇನೆ. ನೀನು ಒಡೆಯದೆ ಬಿಸಾಡಿದರೂ ಸರಿ.

ತಗಡು ಬಂತು. ಬಿಸಿಲಿಗೆ ಹಿಡಿದೆ, ನೆರಳಿಗೆ ಹಿಡಿದೆ, ಓರೆಯಾಗಿ ಹಿಡಿದೆ. ನನ್ನ ಮುಖ ಬಿಟ್ಟು ಬೇರೇನೂ ಕಾಣಲಿಲ್ಲ. ಆ ಕಪ್ಪಿನಲ್ಲಿ ನನ್ನ ಮುಖ ನೋಡಿಕೊಳ್ಳುವುದು ಎಷ್ಟು ಕಷ್ಟವಾಯಿತೆಂದು ಬರೆಯಲು ನನಗೆ ಬರುವುದಿಲ್ಲ. ನನ್ನ ಕಾಗದವನ್ನು ಹರಿದು ಹಾಕು ಎಂದು ಕೇಳುವ ಯೋಗ್ಯತೆಯೂ ಇಲ್ಲ.

ಕಾರಣ ಸಿಕ್ಕಿತು. ಸಿಕ್ಕಿದ ಮೇಲೆ ಹೆದರಿಕೆ ಹೆಚ್ಚಾಗಿದೆ.

ಸಂತೆಯ ಮಾರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಶೆಡ್ಡಿಗೆ ಹೋದೆ. ಮೂರನೆಯ ಸಲ ಪ್ರೈಮರ್ ಹೊಡೆದು ಒಣಗಲು ಬಿಟ್ಟಿದ್ದೆ. ತಗಡಿನ ಸಂದಿಯಲ್ಲಿ ಕಂಡದ್ದು ಇದು. ಹುಚ್ಚಣ್ಣ ಪಂಚೆ ಎತ್ತಿ ಕಟ್ಟಿಕೊಂಡು, ಅಂಗೈಗೆ ಸೀಸೆಯಿಂದ ಎಣ್ಣೆ ಬಗ್ಗಿಸಿಕೊಂಡು, ಬಾನೆಟ್ಟಿಗೆ ಹಚ್ಚುತ್ತಿದ್ದ. ಬಾಣಂತಿ ಮನೆಯಲ್ಲಿ ಕೂಸಿಗೆ ಹಚ್ಚುವ ಹಾಗೆ, ಬಿರುಸಿಲ್ಲದೆ, ಮೂಲೆ ಮೂಲೆಗೂ ಬೆರಳು ಹಾಕಿ. ಜೊತೆಗೆ ಮಾತು ಬೇರೆ. "ಸುಮ್ಕಿರು, ಆಯ್ತು. ಇನ್ನು ನಾಕು ದಿನ. ಎಷ್ಟು ಬತ್ತೋಗಿದೀಯ ನೋಡು, ಬಾಯಿ ಬುಟ್ಕಂಡು."

ಪ್ರೈಮರಿನ ಮಂಕು ಬಣ್ಣ ಅವನ ಕಣ್ಣಿಗೆ ಒಣಗಿದ ಚರ್ಮ. ನಮ್ಮ ಸೀಮೆಯಲ್ಲಿ ಒಣಗಿದ್ದಕ್ಕೆಲ್ಲ ಎಣ್ಣೆ ತಾನೇ? ತಲೆಗೆ, ಕಾಲಿನ ಬಿರುಕಿಗೆ, ಮಚ್ಚಿಗೆ, ಗಾಡಿಯ ಅಚ್ಚಿಗೆ, ಹಸುವಿನ ಕೊಂಬಿಗೆ. ಅವನು ವಾರವಾರವೂ ಹಚ್ಚಿದ್ದಾನೆ. ಕೊಂಡಾಗಿನಿಂದ ಹಚ್ಚಿದ್ದಾನೆ. ಎಣ್ಣೆಯಿದ್ದ ಕಡೆ ಬಣ್ಣ ಹಿಡಿಯುವುದಿಲ್ಲ, ಕಣ್ಣು ಬೀಳುತ್ತದೆ. ಆ ಸಂಜೆ ಗಾಡಿ ಕನ್ನಡಿಯಂತೆ ಹೊಳೆದದ್ದೂ ಅದರಿಂದಲೇ. ಬಿರುಕಿನೊಳಗೆಲ್ಲ ಇಳಿದ ಎಣ್ಣೆಯ ಹೊಳಪಿಗೆ ನಾನು ದರ ಹೇಳಿಬಿಟ್ಟೆ.

ನಾನು ಒಳಗೆ ಹೋಗಬೇಕಿತ್ತು. ಹೋಗಲಿಲ್ಲ. ಹೋಗಿ ಏನು ಹೇಳಲಿ? "ನಿನ್ನಿಂದಲೇ ಕೆಟ್ಟಿತು" ಎಂದರೆ ನನ್ನ ಮುಂದಿನ ಮಾತು "ಹಾಗಾದರೆ ಖರ್ಚು ನೀನೇ ಕೊಡು" ಎಂದಾಗುತ್ತದೆ. ಬಾಯಿಂದ ಅನ್ನದಿದ್ದರೂ ಆಗುತ್ತದೆ. ಬೋರ್ಡು ತಲೆಯ ಮೇಲೇ ಇದೆ. ಹಿಂದಕ್ಕೆ ಹೋಗಿ ಗೋಡೌನಿನ ಮೂಲೆಯಲ್ಲಿ ನಿಂತು, ಅವನು ಸೀಸೆಯ ಬಿರಟೆ ಹಾಕುವವರೆಗೆ ಕಾದೆ. ಆಮೇಲೆ ಕೆಮ್ಮುತ್ತಾ ಬಂದು, "ಏನು ಹುಚ್ಚಣ್ಣೋರೆ, ನಿದ್ದೆ ಬಂತಾ?" ಎಂದೆ.

ಈಗ ಒಂದು ಉಪಾಯ ಮಾಡಿದ್ದೇನೆ. ಗೋಡೌನಿನವರು ಶೆಡ್ಡಿಗೆ ರಾತ್ರಿ ಬೀಗ ಹಾಕಬೇಕೆಂದು ಹೇಳಿದ್ದಾರೆ ಎಂದು ಹುಚ್ಚಣ್ಣನಿಗೆ ಸುಳ್ಳು ಹೇಳಿದೆ. ಅವನು ಗಾಡಿಯನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ. ಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಹೋಗಿ ಕಲ್ಲು ಬೆಂಚಿನ ಮೇಲೆ ಮಲಗಿದ. ನಾನು ಊಟ ಮಾಡಲಿಲ್ಲ.

ಸತ್ಯ ಹೇಳುವುದರ ಮೇಲೆ ನಾವು ಎಷ್ಟು ಪುಸ್ತಿಕೆ ಓದಿದ್ದೇವೆ, ಆಂಜನಪ್ಪ. ಒಂದರಲ್ಲೂ ಇದಿಲ್ಲ.

ನಿನ್ನ ಉತ್ತರಕ್ಕೆ ಕಾಯುವ ಹಕ್ಕಿಲ್ಲದೆ ಕಾಯುವ
ಶಿವಣ್ಣ


ತಿಪಟೂರು
6-1-1983

ಆಂಜನಪ್ಪ,

ಉತ್ತರ ಬರಲಿಲ್ಲ. ಬರಬೇಕೆಂದೂ ಇಲ್ಲ. ನಡೆದದ್ದನ್ನು ಯಾರಿಗಾದರೂ ಹೇಳದೆ ಇರಲಾಗದೆ ಬರೆಯುತ್ತಿದ್ದೇನೆ.

ನಿನ್ನೆ ಓಟು. ಊರೆಲ್ಲ ಶಾಲೆಯ ಮುಂದೆ ಸಾಲು ನಿಂತಿತ್ತು. ನಾನು ಓಟು ಹಾಕಿ ಬರುವಷ್ಟರಲ್ಲಿ ಶೆಡ್ಡಿನ ಬಾಗಿಲಲ್ಲಿ ಹುಚ್ಚಣ್ಣ ನಿಂತಿದ್ದ. ಜೊತೆಯಲ್ಲಿ ಅವನ ಹೆಂಡತಿ ಅಂಕಮ್ಮ. ಆಕೆಯನ್ನು ನಾನು ನೋಡಿದ್ದು ಅದೇ ಮೊದಲು. ಅವನು ತಲೆ ತಗ್ಗಿಸಿದ್ದ. ಆಕೆ ಬೀಗವನ್ನು ಕೈಯಲ್ಲಿ ಹಿಡಿದು ತೂಗಿ ನೋಡುತ್ತಿದ್ದಳು.

"ನೀನೇನಪ್ಪ ಶಿವಣ್ಣ ಅಂದ್ರೆ? ಇವರು ಊಟ ಬುಟ್ಟವ್ರೆ. ಗಾಡಿನ ಮಾರ್ಕಂಡ್‌ಬುಟ್ಟನೇನೋ ಹುಡುಗ ಅಂತ ಅನ್ಕಂಡು ರಾತ್ರಿಯೆಲ್ಲ ಒದ್ದಾಡ್ತರೆ. ನನ್ ಮುಂದೆ ತೆಗಿ ಬೀಗವ."

ತೆಗೆದೆ. ಪ್ರೈಮರ್ ಮೈಯ ಗಾಡಿ ಹಾಗೇ ನಿಂತಿತ್ತು. ಹುಚ್ಚಣ್ಣ ಹೋಗಿ ಮಡ್‌ಗಾರ್ಡಿನ ಮೇಲೆ ಕೈಯಿಟ್ಟ. ಇಟ್ಟ ಕೈಯನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಅಣ್ಣ, ಕೈ ತೆಗೀರಿ. ಎಣ್ಣೆ ಹಚ್ಬೇಡಿ. ಎಣ್ಣೆಯಿಂದಲೇ ಬಣ್ಣ ಹಿಡೀತಿಲ್ಲ."

ಎಲ್ಲ ಹೇಳಿಬಿಟ್ಟೆ. ಬಿರುಕು, ಸಿಮೆಂಟು, ಕಣ್ಣುಗಳು, ನೋಡದೆ ಹೇಳಿದ ದರ, ಬೆಳಗಿನ ಜಾವ ಸಂದಿಯಲ್ಲಿ ನೋಡಿದ್ದು, ಸುಳ್ಳು ಬೀಗ. ಹೇಳುತ್ತಾ ಹೇಳುತ್ತಾ ಭಾಷಣಕ್ಕೆ ತಿರುಗಿಕೊಂಡೆನೆಂದು ಕಾಣುತ್ತದೆ. "ಆದರೆ ಹೇಳಿದ ದರವೇ ದರ. ಒಂದು ಪೈಸೆ ಜಾಸ್ತಿ ಮುಟ್ಟಲ್ಲ. ಬಡವರ ಗಾಡಿ..." ಎಂದೆ.

ಹುಚ್ಚಣ್ಣ ಸಿಟ್ಟಾದದ್ದನ್ನು ನಾನು ನೋಡಿರಲಿಲ್ಲ. ಅವನು ಕೂಗಲಿಲ್ಲ. "ಯಾರ್ಲಾ ಬಡವ?" ಎಂದ. "ಹದಿನೆಂಟು ಹಳ್ಳಿ ಹೆಣ್ಮಕ್ಕಳನ್ನ ಆಸ್ಪತ್ರೆಗೆ ಕರ್ಕಂಡ್ ಬಂದೋನು ನಾನು. ನಿನ್ ತಾವ ಬಿಕ್ಷೆ ಕೇಳಿದ್ನಾ? ಎಣ್ಣೆ ಹಚ್ಚಿದ್ದು ನನ್ ತಪ್ಪೇ, ಒಪ್ಕತೀನಿ. ಗೊತ್ತಿರ್ಲಿಲ್ಲ. ಹಚ್ಚೋದನ್ನ ಸಂದೀಲಿ ನಿಂತ್ಕಂಡು ನೋಡ್ದೋನು ಯಾರು? ಅವತ್ತು ಮೊದಲ್ನೇ ಚಕ್ಕೆ ಎದ್ದಾಗಲೇ ಬಾ ಹುಚ್ಚಣ್ಣ ನೋಡು ಅಂದಿದ್ರೆ, ಇವತ್ತು ನನ್ ಗಾಡಿ ಓಡ್ತಿರ್ಲಿಲ್ವೇನ್ಲಾ?"

ಹೊರಗೆ ಒಂದು ಟ್ಯಾಕ್ಸಿ ಮುದುಕಿಯರನ್ನು ತುಂಬಿಕೊಂಡು ಓಟು ಹಾಕಿಸಲು ಹೋಯಿತು. ಅವನು ಈ ಸಲ ಕತ್ತು ತಿರುಗಿಸಲಿಲ್ಲ.

ಅಂಕಮ್ಮ ಬೋರ್ಡನ್ನು ನೋಡಿ, "ಏನ್ ಬರ್ದೈತೆ ಅದ್ರಾಗೆ?" ಎಂದಳು. ಓದಿ ಹೇಳಿದೆ. ಆಕೆ, "ಚೆನ್ನಾಗೈತೆ ಕಣಪ್ಪ. ಆದ್ರೆ ಇದನ್ನ ತಗಲಾಕ್ಕಂಡ್ ಮೇಲೆ ನೀನು ಮನುಷ್ರ ತಾವ ಮಾತಾಡೋದೇ ಬುಟ್ಟಿದೀಯ," ಎಂದಳು.

ಆಮೇಲೆ ಆಕೆಯೇ ಎಲ್ಲವನ್ನೂ ತೀರ್ಮಾನಿಸಿದಳು. ಹೊಸ ಸಾಮಾನಿನ ಖರ್ಚು ಅವರದು. ಕೆರೆಯುವುದು, ತೊಳೆಯುವುದು ಮೂವರೂ. ಬಣ್ಣ ಹೊಡೆಯುವ ಕೂಲಿ ಮೊದಲು ಹೇಳಿದ್ದೇ, ಅದರಲ್ಲಿ ಏರಿಸುವುದೂ ಇಲ್ಲ, ಇಳಿಸುವುದೂ ಇಲ್ಲ. ನಾನು ಬಾಯಿ ತೆರೆದೆ. "ಸುಮ್ಕಿರು, ನಿಂದಾಯ್ತು," ಎಂದಳು.

ಇವತ್ತು ಬೆಳಿಗ್ಗೆಯಿಂದ ಪ್ರೈಮರ್ ಕೆರೆಯುತ್ತಿದ್ದೇವೆ. ಅಂಕಮ್ಮ ಹಂಡೆಯಲ್ಲಿ ಬಿಸಿನೀರು ಕಾಯಿಸಿ ಬಟ್ಟೆಸೋಡಾ ಕಲಸಿ ಹುಯ್ಯುತ್ತಾಳೆ, ನಾವು ತಿಕ್ಕುತ್ತೇವೆ. ನೀರು ಹಾಕಿದರೆ ಇನ್ನೂ ಕೆಲವು ಕಡೆ ಕೆಸುವಿನ ಎಲೆಯ ಮೇಲಿನ ಹಾಗೆ ಹನಿಯಾಗಿ ನಿಲ್ಲುತ್ತದೆ. ಎಂದರೆ ಎಣ್ಣೆ ಇನ್ನೂ ಇದೆ. ನೀರು ಹರಡಿ ಹರಿಯುವವರೆಗೆ ತಿಕ್ಕಬೇಕು. ಬೋರಯ್ಯ ಬಂದು ನಿಂತು, "ಗಾಡಿಗೆ ಮದುವೆ ಏನ್ರಪ್ಪಾ, ನೀರು ಹಾಕ್ತಿದೀರಿ," ಎಂದ. ಹುಚ್ಚಣ್ಣನಿಗೂ ನಗು ಬಂತು. ನನ್ನ ಜೊತೆ ಮಾತ್ರ ಅವನು ಇನ್ನೂ ಮಾತಾಡುತ್ತಿಲ್ಲ.

ಸಿಮೆಂಟು ತುಂಬಿದ ಆ ಹಳೆಯ ಪೇಂಟರನ್ನು ಈಗ ಬೈಯುವುದಕ್ಕೆ ಬಾಯಿ ಬರುವುದಿಲ್ಲ. ಅವನೂ ಎಲ್ಲೋ ನಾಲ್ಕು ಜನರೆದುರಿಗೆ ಒಂದು ದರ ಹೇಳಿ ಸಿಕ್ಕಿಕೊಂಡಿದ್ದನೋ ಏನೋ. ಅವನಿಗೂ ನನಗೂ ನಡುವೆ ಇದ್ದದ್ದು ಪಟ್ಟಿಯ ಮೇಲೆ ಗಟ್ಟಿಯಾದ ಆ ಪುಟ್ಟಿ, ಅಷ್ಟೇ.

ಪಾಸಿಂಗ್ ಇಪ್ಪತ್ತನೇ ತಾರೀಖು. ಪ್ರೈಮರ್, ಕಪ್ಪು, ತಿನ್ನರ್ ಇನ್ನೊಂದು ಸಲ ಬೇಕು. ಹಣವನ್ನು ಅಂಕಮ್ಮ ಮನಿಯಾರ್ಡರ್ ಮಾಡಿಸಿದ್ದಾಳೆ. ನೀನೇ ಮುಚ್ಚಳ ತೆಗೆದು ನೋಡಿ ಕಳಿಸು.

ನಿನಗೆ ಅಂದದ್ದು ತಪ್ಪು. ಬಸ್ ಸ್ಟ್ಯಾಂಡಿನಲ್ಲಿ ಅಂದದ್ದೂ ತಪ್ಪು. ಅವತ್ತು ನೀನು ಏನೋ ಹೇಳಲು ಬಂದೆ. ಏನೆಂದು ಈಗ ಕೇಳುತ್ತಿದ್ದೇನೆ.

ಶಿವಣ್ಣ


ತಿಪಟೂರು
17-1-1983

ಆಂಜನಪ್ಪ,

ಡಬ್ಬಗಳು ಬಂದವು. ಕಾಗದ ಇರಲಿಲ್ಲ. ಕಂಡಕ್ಟರ್, "ಅವರು ಏನೂ ಹೇಳಲಿಲ್ಲ, ಡಬ್ಬ ಮಾತ್ರ ಕೊಟ್ರು" ಎಂದ. ಡಬ್ಬದ ಮುಚ್ಚಳಗಳ ಸುತ್ತ ಹೊಸದಾಗಿ ಒತ್ತಿದ ಗುರುತು ಇತ್ತು. ಅದನ್ನು ನೋಡಿ ಸ್ವಲ್ಪ ಸಮಾಧಾನವಾಯಿತು.

ಹಬ್ಬದ ದಿನ ಪ್ರೈಮರ್ ಹೊಡೆದೆ. ನಿನ್ನೆ ಕರೆಂಟು ನಾಲ್ಕು ಸಲ ಹೋಗಿ ಬಂದರೂ ತಲೆಗೆ ಹಳದಿ, ಮೈಗೆ ಕಪ್ಪು ಮುಗಿಸಿದೆ. ಗನ್ನು ಕೆಳಗಿಟ್ಟು ಕಣ್ಣು ಮುಚ್ಚಿಕೊಂಡೆ. ನೋಡಲು ಧೈರ್ಯವಾಗಲಿಲ್ಲ. ಹುಚ್ಚಣ್ಣ ನನ್ನ ಪಕ್ಕದಲ್ಲಿ ಕೈಗಳೆರಡನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದ, ಮುಟ್ಟಿಬಿಡುತ್ತೇನೋ ಎಂದು. ಬಹಳ ಹೊತ್ತಾದ ಮೇಲೆ, "ನಿಂತೈತೆ ಕಣ್ಲಾ," ಎಂದ. ಹನ್ನೊಂದು ದಿನಕ್ಕೆ ನನ್ನ ಜೊತೆ ಆಡಿದ ಮೊದಲ ಮಾತು.

ಪೂರ್ತಿ ನಿಂತಿಲ್ಲ. ಹಿಂದಿನ ಎಡ ಬಾಗಿಲಿನ ಹಿಡಿಕೆಯ ಕೆಳಗೆ ಎರಡು ಕಣ್ಣು ಬಿದ್ದಿವೆ. ಉಜ್ಜಿ ಮತ್ತೆ ಹೊಡೆಯಲು ದಿನ ಇಲ್ಲ. ಮುಚ್ಚಿಡಲಿಲ್ಲ, ಕರೆದು ತೋರಿಸಿದೆ. ಅವನು ಬಗ್ಗಿ ನೋಡಿ, "ಇರ್ಲಿ ಬುಡು, ದಾರಿ ನೋಡ್ಕಂಡಿರ್ಲಿ," ಎಂದ.

ಬೋರ್ಡಿನ ಸಾಲುಗಳನ್ನು ಅಳಿಸಿಲ್ಲ. ಕೆಳಗೆ ಒಂದು ಸಾಲು ಸೇರಿಸಿದ್ದೇನೆ. "ದರ ಹೇಳುವ ಮುಂಚೆ ಇಬ್ಬರೂ ಕೂತು ಕೆರೆದು ನೋಡಬೇಕು."

ಇಪ್ಪತ್ತನೇ ತಾರೀಖು ನಾನೂ ಗಾಡಿಯಲ್ಲಿ ಬರುತ್ತೇನೆ. ಎರಡು ಕಣ್ಣಿಗೆ ಇನ್ಸ್‌ಪೆಕ್ಟರ್ ಏನನ್ನುತ್ತಾನೋ ಗೊತ್ತಿಲ್ಲ. ನಿನ್ನ ಅಂಗಡಿಯ ಮುಂದೆಯೇ ಹಾದು ಹೋಗಬೇಕು. ಅದಕ್ಕೂ ನನಗೆ ಹೆದರಿಕೆಯೇ.

ಶಿವಣ್ಣ


ತುಮಕೂರು
21-1-1983

ಲೇ ಶಿವಣ್ಣ,

ನಿನ್ನೆ ಬೆಳಿಗ್ಗೆ ಅಂಗಡಿಯ ಬಾಗಿಲಲ್ಲಿ ನಿಂತಿದ್ದೆ. ಗಾಡಿ ಬಂತು. ಕಪ್ಪು ಚೆನ್ನಾಗಿ ಬಂದಿದೆ. ನೀನು ಮುಂದಿನ ಸೀಟಿನಲ್ಲಿ ಗಲ್ಲಿಗೆ ಹೋಗುವವನ ಹಾಗೆ ನೆಟ್ಟಗೆ ಕೂತಿದ್ದೆ, ಈ ಕಡೆ ತಿರುಗಲಿಲ್ಲ. ನಾನೂ ಕೂಗಲಿಲ್ಲ. ಕೂಗಬೇಕೆಂದು ಬಾಯಿಗೆ ಬಂದಿತ್ತು, ಅಷ್ಟರಲ್ಲಿ ಗಾಡಿ ತಿರುವಿಗೆ ಹೋಯಿತು.

ಮಧ್ಯಾಹ್ನ ಒಬ್ಬ ಬಂದ. ಎತ್ತರದ ಆಳು, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವನ ಹಾಗೆ ಹಿಂದೆ ಕಟ್ಟಿಕೊಂಡಿದ್ದ. "ಆಂಜನಪ್ಪ ಅನ್ನೋರು ನೀವೇಯಾ?" ಎಂದ. ಹೌದು ಎಂದೆ. "ಪಾಸಾಯ್ತು ಕಣ್ರೀ," ಎಂದ. ಇನ್ಸ್‌ಪೆಕ್ಟರ್ ಸುತ್ತು ಬಂದು ಬ್ರೇಕು ನೋಡಿ, ಲೈಟು ನೋಡಿ, ಎಡ ಬಾಗಿಲಿನ ಹತ್ತಿರ ಬಂದಾಗ ನೀನು ಉಸಿರು ಹಿಡಿದುಕೊಂಡು ಕೆಮ್ಮಿಬಿಟ್ಟೆಯಂತೆ. ಅವರು ನಿನ್ನನ್ನೇ ನೋಡಿದರಂತೆ, ಬಾಗಿಲನ್ನಲ್ಲ. ಅದನ್ನು ಹೇಳಿ ಹುಚ್ಚಣ್ಣ ನಕ್ಕ.

ನೀನೆಲ್ಲಿ ಎಂದು ಕೇಳಿದೆ. "ಬಸ್ ಸ್ಟ್ಯಾಂಡಿನ ತಾವ ಗಾಡೀಲಿ ಕೂತವ್ನೆ. ನಿಮ್ ಮುಖ ನೋಡಕ್ಕೆ ಅವನಿಗೆ ಆಯ್ತಿಲ್ಲ. ಮಾತು ಬರೋದು ತಡ ಆ ಹುಡುಗಂಗೆ," ಎಂದ. ಬಸ್ ಸ್ಟ್ಯಾಂಡಿಗೆ ಬರಬೇಕೆಂದು ಅಂಗಿ ಹಾಕಿಕೊಂಡೆ. ಸಾಹುಕಾರ ಎದುರಿಗಿದ್ದ. ಬರಲಾಗಲಿಲ್ಲ. ಸಂಬಳದ ಆಳು, ನಿಜ.

ನೀನು ಕೇಳಿದ್ದಕ್ಕೆ ಉತ್ತರ. ಅವತ್ತು ಬಸ್ ಸ್ಟ್ಯಾಂಡಿನಲ್ಲಿ ನಾನು ಹೇಳಬೇಕೆಂದಿದ್ದದ್ದು ಭೂತಮ್ಮನಿಗೆ ಮೂರನೇ ತಿಂಗಳು ಎಂದು. ಹೆಣ್ಣು ಮಗು. ತಿನ್ನರಿನಲ್ಲಿ ಏನು ಬೆರೆಸಿದ್ದಾರೆ ಎಂಬ ನಿನ್ನ ಕಾಗದ ಬಂದ ಮಾರನೆಯ ದಿನ ಹುಟ್ಟಿತು. ಅದಕ್ಕೇ ಆ ತಗಡನ್ನು ಕಳಿಸುವುದು ಎರಡು ದಿನ ತಡವಾಯಿತು. ಮೈ ಬಹಳ ಒಣ. ಭೂತಮ್ಮ ದಿನಾ ಎಣ್ಣೆ ಹಚ್ಚುತ್ತಾಳೆ. ಹುಚ್ಚಣ್ಣನ ಎಣ್ಣೆಯ ಸಂಗತಿ ಬರೆದ ನಿನ್ನ ಎರಡು ಕಾಗದಗಳನ್ನು ಅವಳಿಗೆ ಓದಿ ಹೇಳಿದೆ. ಮೊದಲನೆಯದಕ್ಕೆ ಕಣ್ಣು ಒರೆಸಿಕೊಂಡಳು, ಅಂಕಮ್ಮ ಬೀಗ ತೂಗಿ ನೋಡಿದ ಕಡೆಗೆ ಬಂದಾಗ ನಕ್ಕಳು.

ಹುಚ್ಚಣ್ಣ ಹೊರಡುವಾಗ ಬಾಗಿಲವರೆಗೆ ಹೋಗಿ ಮತ್ತೆ ತಿರುಗಿ ಬಂದ. ದನಿ ತಗ್ಗಿಸಿ, ಯಾರಿಗೂ ಕೇಳಿಸದ ಹಾಗೆ, "ಅಲ್ಲ ಕಣ್ರೀ, ಎಣ್ಣೆ ಇನ್ ಯಾವಾಗಿಂದ ಹಚ್ಬೋದು?" ಎಂದ.

ನನಗೆ ಉತ್ತರ ಗೊತ್ತಿತ್ತು. ಹೇಳಲಿಲ್ಲ. ಶಿವಣ್ಣನನ್ನೇ ಕೇಳಿ, ಕೇಳಿದರೆ ಹೇಳುತ್ತಾನೆ ಎಂದೆ.

ಕೇಳಿದರೆ ಹೇಳುತ್ತಾನೆ ಎಂದದ್ದು ಸುಳ್ಳಲ್ಲ ಎಂದುಕೊಂಡಿದ್ದೇನೆ.

ನಿನ್ನ
ಆಂಜನಪ್ಪ